ನೂರಿಪ್ಪತ್ತೈದು ಆಗೋವರೆಗೆ ಅಲ್ಲಾಡಬೇಡಿ

ಮೀಟರ್ ಮಾಮ ಕ್ಯಾಮರಾ ಕೊಂಡದ್ದು ಶೋಕಿಗಲ್ಲ. ಊರಿನ ಸ್ಟುಡಿಯೋದವರೆಲ್ಲ ಒಬ್ಬರಾದ ಮೇಲೊಬ್ಬರು ಕೈ ಮುಗಿದು, "ನಿಮ್ಮ ಅತ್ತೆಯವರ ಫೋಟೋ ಒಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಹೇಳಿ" ಎಂದುಬಿಟ್ಟಿದ್ದರಿಂದ ಅವನಿಗೆ ಬೇರೆ ದಾರಿ ಉಳಿದಿರಲಿಲ್ಲ.

ಅತ್ತೆ ಒಬ್ಬರೇ ಹೋಗಿದ್ದರೆ ಸ್ಟುಡಿಯೋದವರಿಗೆ ಅಭ್ಯಂತರವಿರುತ್ತಿರಲಿಲ್ಲ. ಅವರು ಹೋದಾಗೆಲ್ಲ ಅಕ್ಕನ ಜೊತೆ ಹೋಗಿದ್ದರು. ಅಕ್ಕತಂಗಿಯರಿಬ್ಬರೂ ಒಟ್ಟಿಗಿರುವ ಫೋಟೋ ಲೋಕದಲ್ಲಿ ಒಂದೇ ಒಂದಿತ್ತು. ಅದು ಇಬ್ಬರೂ ಲಂಗ ಉಡುತ್ತಿದ್ದ ಕಾಲದ್ದು. ಅದರಲ್ಲಿ ಅಕ್ಕ ಪೂರ್ತಿಯಾಗಿ ಇದ್ದರು. ಅತ್ತೆ ಮೊಣಕೈ ಮಾತ್ರ ಇದ್ದರು. ಅಕ್ಕ ಬೇಕೆಂದೇ ಮುಂದೆ ಬಂದು ನಿಂತಳೆಂದು ತಂಗಿ, ತಂಗಿ ಮೂಗು ಒರೆಸಿಕೊಳ್ಳಲು ಹಿಂದೆ ಸರಿದಳೆಂದು ಅಕ್ಕ, ವಾದ ಅಂದು ಹೂಡಿದ್ದು ಇಂದಿಗೂ ಇತ್ಯರ್ಥವಾಗಿರಲಿಲ್ಲ. ಆಮೇಲೆ ಯಾವ ಸ್ಟುಡಿಯೋದಲ್ಲಿ ಕೂತರೂ ಯಾರು ಎಡ, ಯಾರು ಬಲ ಎಂಬಲ್ಲಿಂದ ಶುರುವಾಗಿ ಮೊಣಕೈಯವರೆಗೆ ಹೋಗಿ, ಕೊನೆಗೆ ಫೋಟೋಗ್ರಾಫರನ ಕುರ್ಚಿಯೋ ತಾಳ್ಮೆಯೋ ಮುರಿಯುತ್ತಿತ್ತು.

ಈ ಸಲ ಮಾತು ಬೇರೆಯಾಗಿತ್ತು. ಅಕ್ಕ ತಾವಿದ್ದ ಮನೆ ಖಾಲಿ ಮಾಡಿ, ರೈಲಿನಲ್ಲಿ ಎರಡು ರಾತ್ರಿ ಕಳೆದರೆ ಸಿಗುವ ಊರಿಗೆ, ಮಗಳ ಮನೆಗೆ ಹೊರಟಿದ್ದರು. ದಾರಿಯಲ್ಲಿ ರೈಲು ಬದಲಿಸುವಾಗ ಒಂದು ಮಧ್ಯಾಹ್ನ ತಂಗಿಯ ಮನೆಯಲ್ಲಿ ಇದ್ದು ಹೋಗುವುದೆಂದು ಫೋನಿನಲ್ಲಿ ತೀರ್ಮಾನವಾಯಿತು. ಇಬ್ಬರಿಗೂ ಮಂಡಿನೋವು. ಮತ್ತೆ ಬರುವ ಮಾತನ್ನು ಯಾರೂ ಆಡಲಿಲ್ಲ.

"ಅಮ್ಮ ಬಾಯಿಬಿಟ್ಟು ಹೇಳಲ್ಲ," ಎಂದಳು ಹೆಂಡತಿ. "ಆದ್ರೆ ದೊಡ್ಡಮ್ಮನ ಜೊತೆ ಒಂದು ಫೋಟೋ ಇರಲಿ ಅಂತ ಅವಳಿಗೆ ಆಸೆ ಇದೆ ರೀ."

"ನಾನೇ ತೆಗೀತೀನಿ ಬಿಡು," ಎಂದ ಮೀಟರ್ ಮಾಮ.

ಹೆಂಡತಿ ಅಡುಗೆಮನೆಯ ನಲ್ಲಿಯ ಕಡೆ ನೋಡಿದಳು. ಆ ನೋಟಕ್ಕೆ ಅರ್ಥವಿತ್ತು. ಮೀಟರ್ ಮಾಮ ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದಲ್ಲಿ ಗುಮಾಸ್ತ. ಬೀದಿಯವರು ಹೆಸರು ಮರೆತು ಹೀಗೆ ಕರೆಯುವಷ್ಟು ಹಳೆಯ ಗುಮಾಸ್ತ. ಅಂಥವನು ಸ್ವಹಸ್ತದಿಂದ ರಿಪೇರಿ ಮಾಡಿದಂದಿನಿಂದ, ಅಡುಗೆಮನೆಯ ನಲ್ಲಿ ತಿರುಗಿಸಿದರೆ ಬಚ್ಚಲಲ್ಲಿ ನೀರು ಬರುತ್ತಿತ್ತು. ಒಳಗೆ ಸ್ನಾನ ಮಾಡುವವರು ಅಡುಗೆಯವರನ್ನು ಕೂಗಿ ಕರೆದು ತಲೆಗೆ ನೀರು ಬಿಡಿಸಿಕೊಳ್ಳಬೇಕಾಗಿತ್ತು.

ಕ್ಯಾಮರಾ ಅಂಗಡಿಯವನು ಒಳ್ಳೆಯವನು. ಅಪರ್ಚರ್ ಎಂದರೇನು, ಷಟರ್ ಎಂದರೇನು, ಐಎಸ್ಒ ಎಂದರೇನು ಎಂದು ಗಂಟಲು ಒಣಗುವವರೆಗೆ ವಿವರಿಸಿದ. ಮೀಟರ್ ಮಾಮ ಪ್ರತಿಯೊಂದಕ್ಕೂ "ಅದು ಗೊತ್ತು, ಮುಂದೆ ಹೇಳಿ" ಎಂದ. ಗೊತ್ತಿಲ್ಲ ಎನ್ನುವುದು ಅವನಿಗೆ ಬಾರದಿದ್ದ ಒಂದೇ ಒಂದು ವಿದ್ಯೆ. ಕೊನೆಗೆ ಅಂಗಡಿಯವನು ಸೋತು, ಒಂದು ಚಕ್ರವನ್ನು ನೂರಿಪ್ಪತ್ತೈದಕ್ಕೆ ತಿರುಗಿಸಿಟ್ಟು, "ಇದನ್ನ ಮಾತ್ರ ಮುಟ್ಟಬೇಡಿ ಸಾರ್, ಉಳಿದದ್ದು ಅದೇ ನೋಡ್ಕೊಳ್ಳುತ್ತೆ" ಎಂದು ಡಬ್ಬಿ ಕಟ್ಟಿಕೊಟ್ಟ.

ಮನೆಯಲ್ಲಿ ಸಭೆ ಸೇರಿತು. ಸಭೆ ಎಂದರೆ ಹೆಂಡತಿ, ಅತ್ತೆ, ಮತ್ತು ಪಕ್ಕದ ಮನೆಯ ಟೈಲರು. ಟೈಲರು ಗುಂಡಿ ಹಚ್ಚುವ ಕೆಲಸವನ್ನು ಕೈಯಲ್ಲಿ ಹಿಡಿದೇ ಬಂದಿದ್ದ.

"ಅಪರ್ಚರ್ ಅಂದ್ರೆ ನಲ್ಲಿ," ಎಂದು ಮೀಟರ್ ಮಾಮ ಆರಂಭಿಸಿದ. "ಬೆಳಕು ಅಂದ್ರೆ ನೀರು. ನಲ್ಲಿ ಎಷ್ಟು ತಿರುಗಿಸ್ತೀವೋ ಅಷ್ಟು ಬೆಳಕು ಒಳಗೆ ಬರುತ್ತೆ."

"ನಿಮ್ಮ ನಲ್ಲಿ ಆದ್ರೆ ಬೆಳಕು ಪಕ್ಕದ ಮನೆಗೆ ಹೋಗುತ್ತೆ," ಎಂದರು ಅತ್ತೆ.

ಮೀಟರ್ ಮಾಮ ಇದನ್ನು ಕಡತಕ್ಕೆ ತೆಗೆದುಕೊಳ್ಳಲಿಲ್ಲ. "ಐಎಸ್ಒ ಅಂದ್ರೆ ಗುಣಮಟ್ಟ. ನಮ್ಮ ಕಚೇರಿಯ ಪಂಪಿನ ಮೇಲೆಲ್ಲ ಬರೆದಿರುತ್ತಲ್ಲ, ಅದೇ. ಎಷ್ಟು ಜಾಸ್ತಿ ಇಟ್ಟರೆ ಅಷ್ಟು ಒಳ್ಳೇದು." ಎಂದವನೇ ಅದನ್ನು ತುತ್ತತುದಿಗೆ ಏರಿಸಿದ. "ಇನ್ನು ಈ ನೂರಿಪ್ಪತ್ತೈದು. ಇದು ಷಟರ್. ನಲ್ಲಿ ಎಷ್ಟು ಹೊತ್ತು ತೆರೆದಿರಬೇಕು ಅನ್ನೋ ಲೆಕ್ಕ."

"ನೂರಿಪ್ಪತ್ತೈದು ಏನು?" ಎಂದ ಟೈಲರು. ಅಳತೆಯ ಮಾತು ಬಂದರೆ ಅವನ ಕಿವಿ ನೆಟ್ಟಗಾಗುತ್ತಿತ್ತು.

ಇದು ಮೀಟರ್ ಮಾಮನೂ ದಾರಿಯುದ್ದಕ್ಕೂ ಯೋಚಿಸುತ್ತ ಬಂದ ಪ್ರಶ್ನೆ. ಬಸ್ಸಿನಲ್ಲಿ ಕೂತು ಚಕ್ರವನ್ನು ಅತ್ತ ಇತ್ತ ತಿರುಗಿಸಿ ನೋಡಿ, ಮತ್ತೆ ಇದ್ದಲ್ಲಿಗೇ ತಂದಿಟ್ಟಿದ್ದ. ಒಂದು ತುದಿಯಲ್ಲಿ ಕೆಲವು ಅಂಕಿಗಳ ನೆತ್ತಿಯ ಮೇಲೆ ಎರಡು ಪುಟ್ಟ ಗೆರೆಗಳಿದ್ದವು. ಎರಡು ಗೆರೆ ಎಂದರೆ ಅಂಗುಲವೆಂದು ಪೈಪುಗಳ ನಡುವೆ ತಲೆ ನರೆತವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೆರೆ ಇದ್ದದ್ದು ಅಂಗುಲವಾದರೆ ಗೆರೆ ಇಲ್ಲದ್ದು ಸೆಕೆಂಡು. ಇದಕ್ಕಿಂತ ಸರಳವಾದ ತರ್ಕ ಉಂಟೆ?

"ನೂರಿಪ್ಪತ್ತೈದು ಸೆಕೆಂಡು," ಎಂದ. "ಎರಡು ನಿಮಿಷ, ಮೇಲೆ ಐದು ಸೆಕೆಂಡು. ಅಷ್ಟು ಹೊತ್ತು ಬೆಳಕು ತುಂಬ್ತಾ ಇರುತ್ತೆ. ಆಗ ಯಾರೂ ಅಲ್ಲಾಡಬಾರದು, ಮಾತಾಡಬಾರದು. ಬೇರೆಯವರ ಫೋಟೋ ಯಾಕೆ ಕೆಡುತ್ತೆ ಗೊತ್ತಾ? ಅವಸರ."

ಪ್ರಥಮ ಪ್ರಯೋಗಕ್ಕೆ ಅತ್ತೆಯನ್ನೇ ಕಿಟಕಿಯ ಪಕ್ಕ ಕೂರಿಸಲಾಯಿತು. ಕ್ಯಾಮರಾದ ಹಿಂದಿನ ಪರದೆ ಸವೆದುಹೋದೀತೆಂದು ಮೀಟರ್ ಮಾಮ ಅದನ್ನು ಒಳಮುಖವಾಗಿ ಮಡಚಿಟ್ಟಿದ್ದ. ಕಿಂಡಿಗೆ ಕಣ್ಣಿಟ್ಟು ಗುಂಡಿ ಒತ್ತಿದ. 'ಕ್ಲಿಕ್' ಎಂದಿತು. "ಬಾಗಿಲು ತೆರೀತು," ಎಂದು ಪಿಸುಗುಟ್ಟಿ ಕೈಗಡಿಯಾರ ನೋಡತೊಡಗಿದ.

ಅತ್ತೆ ಉಸಿರು ಬಿಗಿಹಿಡಿದು, ಕಣ್ಣು ಪಿಳುಕಿಸದೆ ಕೂತರು. ಒಂದು ನಿಮಿಷ ಕಳೆಯುವಷ್ಟರಲ್ಲಿ ಅವರ ಕಣ್ಣಿಂದ ನೀರಿಳಿಯಿತು. ಟೈಲರು ಸೂಜಿಯನ್ನು ಗಾಳಿಯಲ್ಲೇ ನಿಲ್ಲಿಸಿದ್ದ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಹರಿಯುವ ಸದ್ದು ಎಲ್ಲರಿಗೂ ಕೇಳಿಸಿತು, ಯಾರೂ ಏಳಲಿಲ್ಲ. ಹೆಂಡತಿ ಮಾತ್ರ ತನ್ನ ತಾಯಿಯ ಮುಚ್ಚಿದ ಬಾಯನ್ನೇ, ಕಾಣದ್ದನ್ನು ಕಂಡವಳ ಹಾಗೆ ನೋಡುತ್ತ ನಿಂತಿದ್ದಳು.

ಫೋಟೋ ಬಂತು. ಅತ್ತೆಯ ಮೇಲೆ ಯಾರೋ ಮರಳು ಎರಚಿದಂತಿತ್ತು, ಗುಣಮಟ್ಟ ವಿಪರೀತವಾಗಿದ್ದರಿಂದ. ಆದರೆ ಚಿತ್ರ ಒಂದಿಷ್ಟೂ ಅಲುಗಾಡಿರಲಿಲ್ಲ. ಕಣ್ಣು, ಮೂಗು, ಕಿವಿಯ ಓಲೆ ಎಲ್ಲವೂ ಅದರದರ ಜಾಗದಲ್ಲಿದ್ದವು.

"ನೋಡಿ, ಫೋಟೋದಲ್ಲಿ ಕಣ್ಣೀರು ಕೂಡ ಬಿದ್ದಿಲ್ಲ," ಎಂದ ಟೈಲರು ಬೆರಗಾಗಿ.

"ಕಣ್ಣೀರನ್ನ ಕ್ಯಾಮರಾನೇ ತೆಗೆದುಹಾಕುತ್ತೆ," ಎಂದ ಮೀಟರ್ ಮಾಮ. ತಪ್ಪು ತಿಳಿವಳಿಕೆಗೆ ಒಂದು ದೊಡ್ಡ ಗುಣವಿದೆ: ಅದು ಫಲ ಕೊಟ್ಟುಬಿಟ್ಟರೆ ಶಾಸ್ತ್ರವಾಗುತ್ತದೆ.

ಶಾಸ್ತ್ರ ಬೀದಿಯಲ್ಲಿ ಹರಡಿತು. ಐಎಸ್ಒ ಇಳಿಸಿದ ಮೇಲೆ ಮರಳೂ ಮಾಯವಾಗಿ, ಮೀಟರ್ ಮಾಮನ ಫೋಟೋಗಳಿಗೆ ಬೇಡಿಕೆ ಬಂತು. ಟೈಲರನ ಮನೆಯವರು ಸಾಲಾಗಿ ಕೂತರು. ಕಚ್ಚಾಡುವ ಮಕ್ಕಳೂ ಎರಡು ನಿಮಿಷ ಗೊಂಬೆಗಳಾದವು. ಟೈಲರನ ಹೆಂಡತಿ ಮಾರನೆಯ ದಿನ ಮೆಲ್ಲಗೆ ಬಂದು, "ಮಾಮ, ಫೋಟೋ ಬರದಿದ್ರೂ ಪರವಾಗಿಲ್ಲ, ದಿನಾ ಸಂಜೆ ಒಂದು ಸಲ ಬಂದು ತೆಗೆದುಹೋಗಿ" ಎಂದು ಕೇಳಿಕೊಂಡಳು. ಸ್ಟುಡಿಯೋಗಳಲ್ಲಿ ಒಂದರವನು ಬೀದಿಯ ತುದಿಯಲ್ಲಿ ನಿಂತು ಈ ವಿದ್ಯೆಯನ್ನು ಕದ್ದು ನೋಡಿ, ತಲೆ ಕೆರೆದುಕೊಂಡು ಹೋದನೆಂದು ಸುದ್ದಿ. ಅತ್ತೆ ಕೂಡ ಅಳಿಯನ ಬಗ್ಗೆ ಹೇಳುವಾಗ ಹಿಂದಿನ ವಿಶೇಷಣಗಳನ್ನು ಒಂದೆರಡು ಕಡಿಮೆ ಮಾಡಿದರು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಕಚೇರಿಗೆ ಹೊಸ ಬಣ್ಣ ಬಳಿದಿದ್ದರು. ಬಣ್ಣದ ಮುಂದೆ ಸಿಬ್ಬಂದಿಯನ್ನು ನಿಲ್ಲಿಸಿ ಒಂದು ಫೋಟೋ ತೆಗೆದು ಮೇಲಿನ ಕಚೇರಿಗೆ ಕಳಿಸಬೇಕೆಂದು ಇಂಜಿನಿಯರ್ ಸಾಹೇಬರಿಗೆ ಅನ್ನಿಸಿತು. ಮೀಟರ್ ಮಾಮ ಇರುವಾಗ ಹೊರಗಿನವರೇಕೆ?

ಅಂಗಳದಲ್ಲಿ ಎಲ್ಲರೂ ನಿಂತರು. ನಡುವೆ ಸಾಹೇಬರು. "ಎರಡು ನಿಮಿಷ ಐದು ಸೆಕೆಂಡು. ಯಾರೂ ಅಲ್ಲಾಡಬೇಡಿ," ಎಂದು ಮೀಟರ್ ಮಾಮ ಗುಂಡಿ ಒತ್ತಿ, ಗಡಿಯಾರ ನೋಡಲು ತಲೆ ಬಗ್ಗಿಸಿದ. ಅವನನ್ನು ನೋಡಿ ಎದುರು ನಿಂತವರೂ ತಲೆ ಬಗ್ಗಿಸಿದರು.

ಅದೇ ಹೊತ್ತಿಗೆ, ಮನೆಗೆ ನಾಲ್ಕು ದಿನದಿಂದ ನೀರಿಲ್ಲವೆಂದು ಜಗಳಕ್ಕೆ ಸಿದ್ಧನಾಗಿ ಒಬ್ಬ ಗ್ರಾಹಕ ಗೇಟು ನೂಕಿ ಒಳಗೆ ಬಂದ. ಬಾಯಿ ತೆರೆದವನು, ಇಡೀ ಕಚೇರಿ ಮೌನವಾಗಿ ತಲೆ ತಗ್ಗಿಸಿ ನಿಂತದ್ದು ಕಂಡು ಬಾಯಿ ಮುಚ್ಚಿದ. ಟೋಪಿ ತೆಗೆದು ಎದೆಗೊತ್ತಿಕೊಂಡು ತಾನೂ ನಿಂತ. ಬಿಲ್ಲು ಕಟ್ಟಲು ಸರದಿಯಲ್ಲಿದ್ದವರು ಇದನ್ನು ನೋಡಿ ಹೊರಬಂದು ನಿಂತರು. ರಸ್ತೆಯಲ್ಲಿ ಹೋಗುತ್ತಿದ್ದವರು ಸೈಕಲ್ಲಿನಿಂದಿಳಿದರು.

"ಯಾರು ಹೋದ್ರು?" ಎಂದು ಗ್ರಾಹಕ ಪಕ್ಕದಲ್ಲಿದ್ದ ಲೆಕ್ಕಪತ್ರದವರನ್ನು ಪಿಸುದನಿಯಲ್ಲಿ ಕೇಳಿದ.

ಲೆಕ್ಕಪತ್ರದವರು ಶಿಸ್ತಿನ ಮನುಷ್ಯ. ತುಟಿ ಅಲ್ಲಾಡುವಂತಿಲ್ಲ. ಕಣ್ಣುಗುಡ್ಡೆಗಳನ್ನು ಮಾತ್ರ ತಿರುಗಿಸಿ, ಸಾಹೇಬರನ್ನೇ ಕೇಳು ಎಂಬರ್ಥದಲ್ಲಿ ಅವರ ಕೋಣೆಯ ಬಾಗಿಲ ಮೇಲಿನ ಹೆಸರುಹಲಗೆಯತ್ತ ನೋಡಿದರು.

"ಅಯ್ಯೋ ಪಾಪ, ಸಾಹೇಬ್ರಾ?" ಎಂದ ಗ್ರಾಹಕ. ಅವನು ಸಾಹೇಬರ ಮುಖ ಎಂದೂ ಕಂಡವನಲ್ಲ. ನಾಲ್ಕು ದಿನದಿಂದ ಕಾಣಲು ಪ್ರಯತ್ನಿಸುತ್ತಿದ್ದವನು. "ಅದಕ್ಕೇ ನಾನು ಬಂದಾಗೆಲ್ಲ ಸೀಟಲ್ಲಿ ಇರ್ತಿರಲಿಲ್ಲ."

ಸುದ್ದಿ ಗೇಟು ದಾಟಿತು. ಎದುರಿನ ಅಂಗಡಿಯವನು ಗೌರವಾರ್ಥ ಬಾಗಿಲನ್ನು ಅರ್ಧ ಎಳೆದ. ಸಾಹೇಬರ ಮನೆಯ ಪಕ್ಕದಲ್ಲೇ ವಾಸವಿದ್ದ ಯಾರೋ ಅವರ ಮನೆಗೆ ಫೋನ್ ಮಾಡಿದರು. ಮರುಕ್ಷಣ ಸಾಹೇಬರ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಹೆಂಡತಿಯ ಕರೆ. ಮೀಟರ್ ಮಾಮ ಗಡಿಯಾರದಿಂದ ಕಣ್ಣೆತ್ತದೆ, "ಇನ್ನು ಸ್ವಲ್ಪವೇ ಸಾರ್, ಬೆಳಕು ತುಂಬ್ತಾ ಇದೆ" ಎಂದ. ಸಾಹೇಬರು ಅಲ್ಲಾಡಲಿಲ್ಲ. ಫೋನ್ ಬಡಿದು ಬಡಿದು ನಿಂತಿತು. ಅತ್ತ ಕಡೆ ಅದಕ್ಕಿಂತ ಹೆಚ್ಚಿನ ಪುರಾವೆ ಯಾರಿಗೂ ಬೇಕಾಗಲಿಲ್ಲ.

"ಆಯ್ತು," ಎಂದ ಮೀಟರ್ ಮಾಮ. ಸಾಹೇಬರು ಫೋನ್ ತೆಗೆದು ತಾವೇ ಮನೆಗೆ ಹಚ್ಚಿದರು.

"ಯಾರು ಮಾತಾಡ್ತಿರೋದು?" ಎಂದಿತು ಅಳುವ ದನಿ.

"ನಾನೇ."

"ನಾನೇ ಅಂದ್ರೆ ಯಾರಪ್ಪಾ ನೀನು? ಅವರ ಫೋನು ನಿನ್ನ ಕೈಗೆ ಹೇಗೆ ಬಂತು?"

"ಲೇ, ನಾನು ಕಣೇ. ನಿನ್ನ ಗಂಡ."

"ಅವರು ಹೋದ್ರಂತೆ," ಎಂದು ಆಕೆ ಬಿಕ್ಕಿದರು. "ಎಲ್ಲಾ ಮೌನ ಆಚರಿಸ್ತಾ ಇದ್ದಾರಂತೆ."

ಸಾಹೇಬರು ಸುತ್ತ ನೋಡಿದರು. ಗ್ರಾಹಕ ಇನ್ನೂ ಟೋಪಿ ಹಿಡಿದು, "ಒಳ್ಳೆ ಮನುಷ್ಯರು" ಎನ್ನುತ್ತಿದ್ದ. ಆ ಕಚೇರಿಯಲ್ಲಿ ಸಾಹೇಬರ ಬಗ್ಗೆ ಯಾರಾದರೂ ಹಾಗೆ ಹೇಳಿದ್ದು ಅದೇ ಮೊದಲಾದ್ದರಿಂದ ಅವರಿಗೆ ಸಿಟ್ಟಿನ ಜೊತೆ ಸ್ವಲ್ಪ ಸಂತೋಷವೂ ಆಯಿತು. ಆದರೂ ಸಿಟ್ಟೇ ಗೆದ್ದಿತು.

"ಫೋಟೋಗೆ ಎರಡು ನಿಮಿಷ ನಿಲ್ಲಬೇಕು ಅಂತ ನಿಮಗೆ ಯಾರ್ರೀ ಹೇಳಿದ್ದು?" ಎಂದು ಮೀಟರ್ ಮಾಮನನ್ನು ಒಳಗೆ ಕರೆದು ಗುಡುಗಿದರು. "ನನ್ನ ಮಗ ಫೋನಲ್ಲಿ ಕಣ್ಣು ಮಿಟುಕಿಸೋದ್ರಲ್ಲಿ ತೆಗೀತಾನೆ. ಹೋಗಿ, ಕೊಂಡ ಅಂಗಡೀಲಿ ಕೇಳಿಕೊಂಡು ಬನ್ನಿ."

ಮೀಟರ್ ಮಾಮ ತಲೆ ಎತ್ತಿಕೊಂಡೇ ಅಂಗಡಿಗೆ ಹೋದ. ತಜ್ಞನೊಬ್ಬನ ಬಾಯಿಂದ ತನ್ನ ಶಾಸ್ತ್ರಕ್ಕೆ ಮೊಹರು ಬೀಳುವುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಅಂಗಡಿಯವನು ಪೂರ್ತಿ ಕೇಳಿದ. ಕೌಂಟರಿನ ಹಿಂದೆ ಮೆಲ್ಲಗೆ ಕುಸಿದು ಕಣ್ಮರೆಯಾದ. ಸ್ವಲ್ಪ ಹೊತ್ತು ಅಲ್ಲಿಂದ ನಗುವಿನ ಸದ್ದು ಮಾತ್ರ ಬಂತು. ಎದ್ದು, ಕಣ್ಣೊರೆಸಿಕೊಂಡು, ಪಾಪ, ಗಂಭೀರವಾಗಿಯೇ ಹೇಳಿದ.

"ಸಾರ್, ಒಂದು ಸೆಕೆಂಡನ್ನ ತಗೊಳ್ಳಿ. ಅದನ್ನ ನೂರಿಪ್ಪತ್ತೈದು ಚೂರು ಮಾಡಿ. ಅದರಲ್ಲಿ ಒಂದು ಚೂರು. ಅಷ್ಟೇ ಹೊತ್ತು ಬಾಗಿಲು ತೆರೆದಿರೋದು. ನೀವು ಕ್ಲಿಕ್ ಅಂತ ಕೇಳಿಸಿಕೊಳ್ಳೋ ಹೊತ್ತಿಗೆ ಫೋಟೋ ಮುಗಿದಿರುತ್ತೆ."

"ಹಾಗಾದ್ರೆ ಆ ಎರಡು ಗೆರೆ? ಅಂಗುಲ?"

"ಅದೇ ಸಾರ್ ಸೆಕೆಂಡು."

ಮೀಟರ್ ಮಾಮ ಮನೆಗೆ ನಡೆದೇ ಬಂದ. ದಾರಿಯಲ್ಲಿ ಟೈಲರನ ಮಕ್ಕಳು, "ಮಾಮ, ಅಲ್ಲಾಡದೆ ನಿಲ್ಲೋಣವಾ?" ಎಂದು ಕೇಳಿದವು. ಅವನು ಹೆಜ್ಜೆ ಜೋರು ಮಾಡಿದ. ಅತ್ತೆಗೆ ಹೇಗೆ ಹೇಳುವುದು? ಈ ಮನೆಗೆ ಅಳಿಯನಾಗಿ ಬಂದಂದಿನಿಂದ ಅವರ ಎದುರು ಅವನ ಕೈಯಲ್ಲಿ ನೆಟ್ಟಗಾದ ಕೆಲಸ ಇದೊಂದೇ.

ಅಡುಗೆಮನೆಯಲ್ಲಿ ಹೆಂಡತಿಗೆ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಅವಳು ಪಾತ್ರೆ ಒರೆಸುತ್ತ, "ಗೊತ್ತು" ಎಂದಳು.

"ಏನು ಗೊತ್ತು?"

"ಸೆಕೆಂಡಿನ ಚೂರು ಅಂತ. ಕ್ಯಾಮರಾ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿದೆಯಲ್ಲ. ತಂದ ದಿನವೇ ಓದಿದೆ."

"ಮತ್ತೆ ಯಾಕೆ ಹೇಳಲಿಲ್ಲ? ಇಡೀ ಊರನ್ನ ನಿಲ್ಲಿಸಿ ಬಂದೆ ನಾನು."

ಅವಳು ಪಾತ್ರೆ ಕೆಳಗಿಟ್ಟಳು. "ನಾನು ಹುಟ್ಟಿದಾಗಿಂದ ಅಮ್ಮ ಎರಡು ನಿಮಿಷ ಸುಮ್ಮನೆ ಕೂತಿದ್ದು ನೋಡಿರಲಿಲ್ಲ ರೀ. ಅವಳು ಹಾಗೆ ಕೂತಾಗ ನನಗೆ ಹೊಳೀತು. ದೊಡ್ಡಮ್ಮನೂ ಅವಳೂ ಜಗಳ ಆಡದೆ ಪಕ್ಕಪಕ್ಕ ಕೂರಬೇಕು ಅಂದ್ರೆ ಇದೊಂದೇ ದಾರಿ. ನಾಳಿದ್ದು ಬರ್ತಾರೆ. ಅವರು ರೈಲು ಹತ್ತೋವರೆಗೂ ನಿಮಗೆ ಏನೂ ಗೊತ್ತಿಲ್ಲ."

"ಏನೂ ಗೊತ್ತಿಲ್ಲದವನ ಹಾಗೆ ಇರೋದು ಹೇಗೆ?"

"ಅದನ್ನ ನಾನು ಹೇಳಿಕೊಡಬೇಕಾ?" ಎಂದಳು ಅವಳು.

ಆದರೆ ಗೊತ್ತಿಲ್ಲದಾಗ ಗೊತ್ತಿದ್ದವನ ಹಾಗೆ ಇರುವುದು ಎಷ್ಟು ಸುಲಭವೋ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇರುವುದು ಅಷ್ಟೇ ಕಷ್ಟವೆಂದು ಮೀಟರ್ ಮಾಮನಿಗೆ ಆ ಎರಡು ದಿನಗಳಲ್ಲಿ ತಿಳಿಯಿತು. ಟೈಲರು ಷಟರಿನ ಬಗ್ಗೆ ಏನೋ ಕೇಳಿದಾಗ ಜೀವನದಲ್ಲಿ ಮೊದಲ ಬಾರಿಗೆ, "ನನಗೆ ಅಷ್ಟಾಗಿ ಗೊತ್ತಿಲ್ಲಪ್ಪ" ಎಂದುಬಿಟ್ಟ. ಜ್ವರ ಬಂದಿದೆಯೇನೋ ಎಂದು ಟೈಲರು ಅವನ ಹಣೆ ಮುಟ್ಟಿ ನೋಡಿದ.

ಅತ್ತೆಯ ಅಕ್ಕ, ದೊಡ್ಡತ್ತೆ, ಬಂದರು. ಹೊಸ್ತಿಲ ಒಳಗೆ ಒಂದು ಕಾಲು, ಹೊರಗೆ ಒಂದು ಕಾಲು ಇದ್ದಾಗಲೇ ಶುರುವಾಯಿತು.

"ಎಷ್ಟು ಇಳಿದು ಹೋಗಿದೀಯೇ. ಮಗಳು ಊಟ ಹಾಕ್ತಾಳೋ ಇಲ್ಲವೋ."

"ನಿನ್ನ ಹಾಗೆ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳೋವಷ್ಟು ಹಾಕಲ್ಲ ಅಕ್ಕ. ಒಳಗೆ ಬಾ."

ಊಟವಾಗುವಷ್ಟರಲ್ಲಿ ತಾಯಿಯ ಒಡವೆ, ತಂದೆಯ ಮುದ್ದು, ಯಾರ ಜಡೆ ಉದ್ದವಿತ್ತು ಎಂಬ ವಿಷಯಗಳು ಮುಗಿದವು. ಕಿಟಕಿಯ ಪಕ್ಕ ಎರಡು ಕುರ್ಚಿ ಹಾಕಿದ ಕೂಡಲೆ ಮೊಣಕೈ ಬಂತು.

"ಬಲಗಡೆ ನಾನು. ದೊಡ್ಡವಳು."

"ದೊಡ್ಡವಳು ಅಂತ ಆವತ್ತು ಇಡೀ ಫೋಟೋನೇ ನುಂಗಿದೆಯಲ್ಲ. ಇನ್ನೂ ಸಾಲದಾ?"

"ನಾನು ನುಂಗಿದ್ನಾ? ನೀನು ಮೂಗು ಒರೆಸಿಕೊಳ್ಳೋಕೆ ಹೋಗಿದ್ದು."

ಟೀಯ ಹೊತ್ತಾಯಿತು. ಹೆಂಡತಿ ಗಂಡನ ಬೆನ್ನಿಗೆ ಮೆಲ್ಲಗೆ ತಿವಿದಳು. ಮೀಟರ್ ಮಾಮ ಗಂಟಲು ಸರಿಮಾಡಿಕೊಂಡು, "ನೂರಿಪ್ಪತ್ತೈದು ಸೆಕೆಂಡು" ಎಂದ. "ಯಾರೂ ಅಲ್ಲಾಡಬಾರದು. ಮಾತಂತೂ ಆಡಲೇಬಾರದು."

"ಎರಡು ನಿಮಿಷಾನಾ?" ಎಂದರು ದೊಡ್ಡತ್ತೆ. "ನಮ್ಮ ಕಡೆ ಚಟಕ್ ಅಂತ ತೆಗೀತಾರಪ್ಪ."

ಮೀಟರ್ ಮಾಮ ಸುಮ್ಮನೆ ಲೆನ್ಸ್ ಒರೆಸತೊಡಗಿದ. ಅಷ್ಟರಲ್ಲಿ ಅತ್ತೆ, "ನಿಮ್ಮ ಕಡೆಯವರಿಗೇನು ಗೊತ್ತು" ಎಂದರು. "ನಮ್ಮ ಅಳಿಯಂದಿರದು ಅವಸರದ ಕೆಲಸ ಅಲ್ಲ. ಅವರು ಹೇಳಿದ ಹಾಗೆ ಕೂತುಕೋ. ಬೇಕಾದ್ರೆ ಬಲಗಡೇನೇ ಕೂತು ಸಾಯಿ."

ಅತ್ತೆಯ ಬಾಯಿಂದ ಈ ಮಾತು ಕೇಳಲು ಮೀಟರ್ ಮಾಮ ಎಷ್ಟು ವರ್ಷ ಕಾದಿದ್ದನೋ. ಬಂದದ್ದು ಇಂಥ ಹೊತ್ತಿನಲ್ಲಿ. ಅವನು ಮುಖ ಕ್ಯಾಮರಾದ ಹಿಂದೆ ಮರೆಸಿಕೊಂಡು ಗುಂಡಿ ಒತ್ತಿದ.

'ಕ್ಲಿಕ್.' ಫೋಟೋ ಮುಗಿದಿತ್ತು. ಇಬ್ಬರೂ ಪೂರ್ತಿಯಾಗಿ, ನೆಟ್ಟಗೆ, ಒಬ್ಬರನ್ನೊಬ್ಬರು ಸಹಿಸದ ಮುಖ ಹೊತ್ತು ಅದರಲ್ಲಿ ಇದ್ದರು. ಕೆಲಸ ಆಯಿತೆಂದು ಹೇಳಬಹುದಿತ್ತು. ಅವನು ಹೇಳದೆ ಗಡಿಯಾರ ನೋಡಿದ.

ಕಿಟಕಿಯಿಂದ ಒಂದು ನೊಣ ಬಂತು. ಅತ್ತಿತ್ತ ಸುತ್ತಿ ದೊಡ್ಡತ್ತೆಯ ಮೂಗಿನ ತುದಿಯ ಮೇಲೆ ಕೂತಿತು. ದೊಡ್ಡತ್ತೆ ಶಿಸ್ತಿನಿಂದ ಸಹಿಸಿದರು. ಮೂಗಿನ ಹೊಳ್ಳೆ ಮಾತ್ರ ಅರಳಿತು. ನೊಣ ಕೈಕಾಲು ಉಜ್ಜಿಕೊಂಡು ಹುಬ್ಬಿನ ಕಡೆ ಪ್ರಯಾಣ ಹೊರಟಿತು. ಅತ್ತೆ ತಲೆ ತಿರುಗಿಸದೆ, ಕಡೆಗಣ್ಣಿನಿಂದ ನೋಡಿದರು. ಇನ್ನು ತಡೆಯದೆ ಕೈ ಚಾಚಿ, ಅಕ್ಕನ ಹಣೆಯಿಂದ ನೊಣವನ್ನು ಓಡಿಸಿದರು. ಹಾಗೇ, ಅಲ್ಲಿ ಜಾರಿದ್ದ ಬಿಳಿಕೂದಲನ್ನೂ ಕಿವಿಯ ಹಿಂದೆ ಸೇರಿಸಿದರು.

"ಅಲ್ಲಾಡಬೇಡ್ವೇ, ಕೆಡುತ್ತೆ," ಎಂದರು ದೊಡ್ಡತ್ತೆ ಹಲ್ಲು ಬಿಡದೆ.

"ನೀನು ಮಾತಾಡಬೇಡ, ಕೆಡುತ್ತೆ," ಎಂದರು ಅತ್ತೆ ಹಲ್ಲು ಬಿಡದೆ.

ಅಷ್ಟಕ್ಕೆ ಇಬ್ಬರ ಹೊಟ್ಟೆಯೂ ಕುಲುಕತೊಡಗಿತು. ಬಾಯಿ ಮುಚ್ಚಿಕೊಂಡು, ಭುಜ ಅದುರಿಸಿಕೊಂಡು, ಮೂಗಿನಿಂದ ನಗು ಸೋರಿಸಿಕೊಂಡು ಎರಡು ಮುದುಕಿಯರು ಕುರ್ಚಿಯಲ್ಲಿ ಅಲುಗಾಡುತ್ತಿದ್ದರು. ಕಿಂಡಿಯಲ್ಲಿ ಕಣ್ಣಿಟ್ಟಿದ್ದ ಮೀಟರ್ ಮಾಮನಿಗೆ, ಅಂಗಡಿಯವನು ಹೇಳಿದ ಆ ಸೆಕೆಂಡಿನ ಚೂರು ಯಾತಕ್ಕೆ ಬೇಕಾಗುತ್ತದೆಂದು ಥಟ್ಟನೆ ತಿಳಿಯಿತು. ಕ್ಲಿಕ್ ಸದ್ದು ಕೇಳಿಸದಂತೆ ಕೆಮ್ಮಿನ ನೆಪ ಮಾಡಿ ಇನ್ನೊಂದು ಸಲ ಒತ್ತಿದ.

"ಹಾಳಾಯ್ತು," ಎಂದು ಅತ್ತೆ ಕಣ್ಣೊರೆಸಿಕೊಂಡರು. "ಎಲ್ಲಾ ಅಲ್ಲಾಡಿ ಹೋಯ್ತು. ನಿನ್ನಿಂದಲೇ."

"ನನ್ನಿಂದ ಅಲ್ಲ, ನೊಣದಿಂದ," ಎಂದರು ದೊಡ್ಡತ್ತೆ. "ರೈಲಿಗೆ ಇನ್ನೂ ಹೊತ್ತಿದೆ. ಇನ್ನೊಂದು ಸಲ ತೆಗೀಲಿ."

ಮೀಟರ್ ಮಾಮ ಹೆಂಡತಿಯ ಮುಖ ನೋಡಿದ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

"ಬೆಳಕು ಸ್ವಲ್ಪ ಕಮ್ಮಿಯಾಗಿದೆ," ಎಂದ ಅವನು, ಚಕ್ರ ತಿರುಗಿಸುತ್ತ. "ಈ ಸಲ ಇನ್ನೂರೈವತ್ತು ಬೇಕಾಗುತ್ತೆ."

ಇಬ್ಬರೂ ಕುರ್ಚಿಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತರು. 'ಕ್ಲಿಕ್' ಎಂದಿತು. ಈ ಸಲ ಯಾರೂ ನಗಲಿಲ್ಲ. ಅತ್ತೆಯ ಕೈ ಅಕ್ಕನ ಮಡಿಲಲ್ಲಿತ್ತು. ಎರಡು ನಿಮಿಷ ಕಳೆಯಿತು, ಮೂರೂ ಕಳೆಯಿತು. ನಾಲ್ಕು ತುಂಬಿತು. ಮೀಟರ್ ಮಾಮ ಅಭ್ಯಾಸಬಲದಿಂದ ಮಣಿಕಟ್ಟು ಎತ್ತಿದ.

"ಅಳಿಯಂದ್ರೇ," ಎಂದರು ಅತ್ತೆ, ತುಟಿ ಅಲ್ಲಾಡಿಸದೆ. "ಗಡಿಯಾರ ನೋಡಬೇಡಿ."